ಉದ್ದಿಲ್ಲದ ಅಡುಗೆ

ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ವ್ರತ ಹಿಡಿದ ಮಾಧ್ವರ ಮನೆಗಳಲ್ಲಿ ನಾಲ್ಕು ಬಗೆಯ ಅಡುಗೆ. ಮೊದಲ ತಿಂಗಳು ತರಕಾರಿ ಇಲ್ಲ, ಆಮೇಲೆ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ. ಕೊನೆಯದು ದ್ವಿದಳ ವ್ರತ. ಆಗ ತೊಗರಿ, ಕಡಲೆ, ಹೆಸರು, ಉದ್ದು ಯಾವುದೂ ಒಲೆಯ ಹತ್ತಿರ ಸುಳಿಯುವುದಿಲ್ಲ. ಒಗ್ಗರಣೆಗೂ ಒಂದು ಉದ್ದಿನಬೇಳೆ ಬೀಳುವಂತಿಲ್ಲ. ಉಡುಪಿಯಲ್ಲಿ ಮಠಗಳು ಸರದಿಯಂತೆ ಕೃಷ್ಣಪೂಜೆ ನಡೆಸುವ ಎರಡು ವರ್ಷದ ಪರ್ಯಾಯವನ್ನು ವಾದಿರಾಜರು ತಂದದ್ದು 1522ರಲ್ಲಿ. ಅಂದಿನಿಂದ ಅಕ್ಷಯಪಾತ್ರೆ, ಸಟ್ಟುಗ ಮಠದಿಂದ ಮಠಕ್ಕೆ ಹೋಗುತ್ತಲೇ ಇವೆ. ಬೇಳೆಯಿಲ್ಲದೆ ಊರಿಗೆ ಊಟ ಹಾಕುವ ವಿದ್ಯೆ ನಮ್ಮ ಅಡುಗೆ ಭಟ್ಟರಿಗೆ ಹೊಸದಲ್ಲ.

ನನಗೆ ಉದ್ದು ಆಗುವುದಿಲ್ಲ. ಕಾಪುವಿನಲ್ಲಿ ಹುಟ್ಟಿದವಳಿಗೆ ಇದು ಸಣ್ಣ ಕಷ್ಟವಲ್ಲ. ಇಡ್ಲಿ, ಮಸಾಲೆದೋಸೆ, ಮೂಡೆ, ವಡೆ, ಹಪ್ಪಳ ಎಲ್ಲದರಲ್ಲೂ ಉದ್ದು. ಚಟ್ನಿಯ ಮೇಲೆಯೂ ನಾಲ್ಕು ಕಾಳು. ಒಂದು ತುತ್ತಿಗೆ ತುಟಿ ದಪ್ಪವಾಗಿ, ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟುತ್ತದೆ. ಅಜ್ಜಿ ಅದನ್ನು ನಂಜು ಅಂದರು, ಅಷ್ಟೇ; ವಾದ ಮಾಡಲಿಲ್ಲ. ನನಗೆ ನೀರುದೋಸೆ, ಪುಂಡಿ, ಒತ್ತುಶಾವಿಗೆ ಮಾಡಿಕೊಟ್ಟರು.

ಹೊರಗೆ ಹಾಗಲ್ಲ. "ಉದ್ದು ಆಗದವರುಂಟಾ ಮಾರಾಯ್ತಿ? ಸ್ವಲ್ಪ ತಿಂದ್ರೆ ಎಂತ ಆಗುದಿಲ್ಲ" ಎಂದು ಬಡಿಸಿದವರು ಎಷ್ಟೋ ಮಂದಿ. ಗ್ಯಾಸ್ ಇರಬೇಕು ಎಂದು ಮಾತ್ರೆ ಬರೆದ ವೈದ್ಯರೂ ಇದ್ದರು. ಕೊನೆಗೆ ಮಣಿಪಾಲದಲ್ಲಿ ಚರ್ಮದ ಪರೀಕ್ಷೆ ಆಯಿತು. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ತೊಗರಿಯ ಜಾಗ ಹಾಗೆಯೇ ಇತ್ತು. ಉದ್ದಿನ ಜಾಗ ಕಾಲು ಗಂಟೆಯೊಳಗೆ ಕೆಂಪಾಗಿ ಉಬ್ಬಿ ವಿಪರೀತ ತುರಿಸತೊಡಗಿತು. ಆ ಪರೀಕ್ಷೆಯ ಚೀಟಿ ಬಂದ ಮೇಲೆಯೇ ಕಾರ್ಕಳದ ಅತ್ತೆಮನೆಯಲ್ಲಿ ನನಗೆ ಬೇರೆ ಒಗ್ಗರಣೆ ಶುರುವಾದದ್ದು.

ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಮೈಯ ಇಂಥ ಪ್ರತಿಕ್ರಿಯೆಗೆ ಅಲರ್ಜಿ ಎಂದು ಹೆಸರಿಟ್ಟದ್ದು 1906ರಲ್ಲಿ. ನಮ್ಮ ದೇಶದ 2020ರ ಲೇಬಲ್ ನಿಯಮದಲ್ಲಿ ಗೋಧಿ, ಹಾಲು, ಮೊಟ್ಟೆ, ಮೀನು, ಸಿಗಡಿ, ನೆಲಗಡಲೆ, ಗೇರುಬೀಜ, ಸೋಯಾ ಇವೆಲ್ಲ ಅಲರ್ಜಿಯ ಪಟ್ಟಿಗೆ ಸೇರುತ್ತವೆ. ಉದ್ದು ಇಲ್ಲ. ಇಡ್ಲಿ-ದೋಸೆ ತಿನ್ನುವ ದೇಶದ ಪಟ್ಟಿಯಲ್ಲಿ ಉದ್ದು ಇರಬೇಕಿತ್ತೆಂದು ನನಗೆ ಬಲವಾಗಿ ಅನಿಸುತ್ತದೆ. ಆ ದೋಸೆಯನ್ನು ಹೊರಗೆ ಒಯ್ದವರಲ್ಲಿ ನಮ್ಮ ಕಡೆಯವರೂ ಇದ್ದರು: ಕಾರ್ಕಳದ ಹತ್ತಿರದ ಕಡಂದಲೆಯಿಂದ ಹೋದ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅಂಥವರ ಹೋಟೆಲುಗಳಿಂದ ನಮ್ಮ ದೋಸೆ ಊರೂರು ಸೇರಿತು. ದ್ವಿದಳ ವ್ರತದ ಅಡುಗೆ ಮಾತ್ರ ಮನೆ, ಮಠಗಳಲ್ಲೇ ಉಳಿಯಿತು.

ಈಗ ಮದುವೆಮನೆಗೆ ಹೋದರೆ ಅಲರ್ಜಿ ಎಂಬ ಮಾತೇ ನಾನು ಎತ್ತುವುದಿಲ್ಲ. ನೇರ ಅಡುಗೆಯವರ ಹತ್ತಿರ ಹೋಗಿ, "ಭಟ್ರೇ, ನನಗೆ ದ್ವಿದಳದ ಲೆಕ್ಕದಲ್ಲಿ ಬಡಿಸಿ, ತೊಗರಿ ಆದೀತು, ಉದ್ದು ಬೇಡ" ಅನ್ನುತ್ತೇನೆ. ಕಾರ್ಕಳದಲ್ಲಿ ಒಬ್ಬ ಹಿರಿಯ ಭಟ್ಟರು ತಾವಾಗಿಯೇ ಕೇಳಿದರು: "ವಡೆ ಕಾಯಿಸಿದ ಎಣ್ಣೆ ಆಗುದಿಲ್ಲ ಅಲ್ವಾ ಅಮ್ಮ?" ಬೇರೆ ಬಾಣಲೆ ಇಡಿಸಿ ನನಗೆ ಹಲಸಿನ ಹಪ್ಪಳ ಕಾಯಿಸಿ ಕೊಟ್ಟರು.