ಬಾನಿನಲ್ಲಿ ಬಂದ ಹಾಡು, ಬಾನಿನಲ್ಲೇ ಬಂದ ಅಡ್ಡಿ

ಗದುಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂಖಾನರ ಧ್ವನಿಮುದ್ರಿಕೆ ಕೇಳಿ ಮಾರುಹೋದ ಸಂಗತಿ, 1933ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟ ಸಂಗತಿ ಸಂಗೀತಪ್ರಿಯರಿಗೆಲ್ಲ ತಿಳಿದದ್ದೇ. ಆ ಹಾಡು ಅವರ ಕಿವಿಗೆ ತಲುಪಿದ್ದು ತಟ್ಟೆಯ ಗೆರೆ ಮತ್ತು ಸೂಜಿಯ ಮೊನೆಯ ಮೂಲಕ. ತಟ್ಟೆ ಸವೆದಿದ್ದರೆ ಕರಕರ ಸದ್ದು ಬರುತ್ತಿತ್ತು, ನಿಜ. ಆದರೆ ನೆರೆಮನೆಯಲ್ಲಿ ಯಾರು ಏನು ಮಾಡಿದರೂ ಹಾಡಿಗೆ ಕುಂದು ಬರುತ್ತಿರಲಿಲ್ಲ. ಹಾಡು ತರಂಗವಾಗಿ ಬಾನಿನಲ್ಲಿ ಮನೆಗೆ ಬರತೊಡಗಿದ ಮೇಲೆ ಈ ನೆಮ್ಮದಿ ಉಳಿಯಲಿಲ್ಲ.

ಕರ್ನಾಟಕದಲ್ಲಿ ಇದು ಆರಂಭವಾದದ್ದು 1935ರಲ್ಲಿ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಪುಟ್ಟ ಬಾನುಲಿ ಕೇಂದ್ರವನ್ನು ತೆರೆದರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಗೆ ಹತ್ತಿರದ ದನಿ ದೊರೆತದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರ ಆರಂಭವಾದಾಗ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಮೊದಲಾದವರ ಗಾಯನ ಪಡಸಾಲೆಯವರೆಗೆ ಬಂದಿತು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಸಂಗೀತದ ನೆಲದಲ್ಲಿ ಕೇಳುವ ಕಿವಿಗಳಿಗೆ ಕೊರತೆಯಿರಲಿಲ್ಲ. ಆದರೆ ಹಾಡಿನ ಬೆನ್ನಿಗೇ ಗರಗರ ಸದ್ದೂ ಬಂದಿತು.

ಇದಕ್ಕೆ ಕಾರಣ ಮಧ್ಯಮ ತರಂಗದ ಪ್ರಸಾರದ ರೀತಿಯಲ್ಲೇ ಇತ್ತು. ಅದರಲ್ಲಿ ಹಾಡಿನ ಏರಿಳಿತಕ್ಕೆ ತಕ್ಕಂತೆ ತರಂಗದ ಬಲ ಹೆಚ್ಚುಕಡಿಮೆಯಾಗುತ್ತದೆ. ದೂರದ ಮಿಂಚು, ಮೋಟಾರಿನ ಕಿಡಿ, ಸಡಿಲವಾದ ವಿದ್ಯುತ್ ಜೋಡಣೆ, ಇವೂ ಅದೇ ಬಗೆಯ ತರಂಗಗಳನ್ನು ಹೊಮ್ಮಿಸುತ್ತವೆ. ಯಾವುದು ಹಾಡು, ಯಾವುದು ಕಿಡಿ ಎಂಬುದನ್ನು ರೇಡಿಯೋ ಅರಿಯದು. ಎರಡನ್ನೂ ಸಮನಾಗಿ ಹಿಗ್ಗಿಸಿ ಕೇಳಿಸುತ್ತದೆ. ಹೊತ್ತು ಮುಳುಗಿದ ಮೇಲೆ ಇನ್ನೊಂದು ತೊಡಕು. ಹಗಲಿನಲ್ಲಿ ಈ ತರಂಗಗಳನ್ನು ಹೀರಿಕೊಳ್ಳುವ ವಾತಾವರಣದ ಕೆಳ ಪದರು ರಾತ್ರಿ ಕರಗುವುದರಿಂದ ದೂರದ ಕೇಂದ್ರಗಳ ತರಂಗಗಳು ಮೇಲಿನ ಪದರಿನಿಂದ ಪ್ರತಿಫಲಿಸಿ ಬಂದಿಳಿಯುತ್ತವೆ. ಧಾರವಾಡದ ಆಲಾಪದ ಹಿಂದೆ ಪರಭಾಷೆಯ ಮಾತು ಕೇಳಿಬರುತ್ತಿದ್ದುದು ಹೀಗೆ.

ಕೇಳುಗರು ಇದಕ್ಕೆ ಉಪಾಯಗಳನ್ನೂ ಕಂಡುಕೊಂಡಿದ್ದರು. ಮಾಳಿಗೆಯ ಮೇಲೆ ಎತ್ತರದಲ್ಲಿ ಏರಿಯಲ್ ತಂತಿ ಎಳೆಯುವುದು, ನೆಲಕ್ಕೆ ಅರ್ಥಿಂಗ್ ಕೊಡುವುದು, ಟ್ರಾನ್ಸಿಸ್ಟರನ್ನು ನಿಧಾನವಾಗಿ ತಿರುಗಿಸಿ ಗದ್ದಲ ಕಡಿಮೆಯಾಗುವ ದಿಕ್ಕಿನಲ್ಲಿ ನಿಲ್ಲಿಸುವುದು. ಈ ಕೊನೆಯದು ಬರಿಯ ರೂಢಿಯಲ್ಲ. ಟ್ರಾನ್ಸಿಸ್ಟರಿನೊಳಗಿನ ಫೆರೈಟ್ ಕಡ್ಡಿಗೆ ಎಲ್ಲ ದಿಕ್ಕಿನ ತರಂಗಗಳೂ ಸಮನಾಗಿ ಸಿಗುವುದಿಲ್ಲ. ವಿಜ್ಞಾನಿಗಳ ಕಡೆಯಿಂದ ಪರಿಹಾರ ಕೊಟ್ಟವರು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್. ತರಂಗದ ಬಲವನ್ನು ಬದಲಿಸದೆ ಅದರ ಕಂಪನಾಂಕವನ್ನು ಬದಲಿಸುವ ಎಫ್.ಎಂ. ವಿಧಾನಕ್ಕೆ ಅವರು 1933ರಲ್ಲಿ ಪೇಟೆಂಟ್ ಪಡೆದರು. ಕಿಡಿಗಳು ಕೆಡಿಸುವುದು ಮುಖ್ಯವಾಗಿ ತರಂಗದ ಬಲವನ್ನು, ಆದ್ದರಿಂದ ಎಫ್.ಎಂ. ಹಾಡು ಬಹುಮಟ್ಟಿಗೆ ಶುಭ್ರವಾಗಿ ಬಂದಿತು.

ಇಂದು ಅದೇ ಊರುಗಳಲ್ಲಿ ಹಾಡು ಅಂತರ್ಜಾಲದಿಂದ ವೈಫೈಗೆ, ಅಲ್ಲಿಂದ ಫೋನಿಗೆ, ಫೋನಿನಿಂದ ಬ್ಲೂಟೂತ್ ಸ್ಪೀಕರಿಗೆ ಹರಿದು ಬರುತ್ತದೆ. ಇವೆರಡೂ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿ ಮೂಲತಃ ಸಂಗೀತಕ್ಕಾಗಲಿ ಸಂಪರ್ಕಕ್ಕಾಗಲಿ ಮೀಸಲಾದದ್ದಲ್ಲ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನ ಅದನ್ನು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಉಪಕರಣಗಳಿಗೆ ಬಿಟ್ಟುಕೊಟ್ಟಿತ್ತು. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅಲ್ಲೇ. ಅಮೆರಿಕ 1985ರಲ್ಲಿ, ಭಾರತ 2005ರಲ್ಲಿ ಈ ಪಟ್ಟಿಯನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆದವು. ಅದು ಊರ ಗೋಮಾಳವಿದ್ದಂತೆ. ಯಾರ ದನವಾದರೂ ಮೇಯಬಹುದು, ಇನ್ನೊಬ್ಬರ ದನ ಅಡ್ಡ ಬಂತೆಂದು ದೂರುವಂತಿಲ್ಲ.

ಅಡ್ಡಿಯ ಸ್ವರೂಪವೂ ಈಗ ಬೇರೆ. ರೇಡಿಯೋದಲ್ಲಿ ಗದ್ದಲ ಎಷ್ಟಿದ್ದರೂ ಹಾಡು ನಿಲ್ಲುತ್ತಿರಲಿಲ್ಲ. ಪಳಗಿದ ಕಿವಿ ಗರಗರದ ನಡುವೆಯೂ ಷಡ್ಜವನ್ನು ಹಿಡಿಯುತ್ತಿತ್ತು. ಈಗ ಹಾಡು ಅಂಕಿಗಳ ಕಟ್ಟುಗಳಾಗಿ ಬರುತ್ತದೆ. ಕೆಟ್ಟ ಕಟ್ಟನ್ನು ಯಂತ್ರ ಎಸೆದು ಮತ್ತೆ ಕಳಿಸೆನ್ನುತ್ತದೆ. ಮುಂಚಿತವಾಗಿ ಕೂಡಿಟ್ಟ ಕೆಲವು ಕ್ಷಣಗಳ ದಾಸ್ತಾನು ಇರುವವರೆಗೆ ಗದ್ದಲದ ಸುಳಿವೇ ಸಿಗದು. ಅದು ಬರಿದಾದೊಡನೆ ವಿಲಂಬಿತ ಖ್ಯಾಲಿನ ಸಮ್ ಬರುವ ಹೊತ್ತಿಗೇ ಮೌನ. ಕೇಳುಗನಿಗೆ ಹಾಡಿನೊಂದಿಗೆ ಅಡ್ಡಿಯ ಗುರುತೂ ತಪ್ಪಿಹೋಗುತ್ತದೆ.

ಆದ್ದರಿಂದ ಕಾರಣವನ್ನು ಕ್ರಮವಾಗಿ ಹುಡುಕಬೇಕಾಗುತ್ತದೆ. ಫೋನಿನಲ್ಲೇ ಉಳಿಸಿಟ್ಟ ಹಾಡನ್ನು ನುಡಿಸಿದಾಗಲೂ ತುಂಡಾದರೆ ದೋಷ ಫೋನು ಮತ್ತು ಸ್ಪೀಕರಿನ ನಡುವೆ ಇದೆ. ಅದು ಸರಾಗವಾಗಿದ್ದು, ಅಂತರ್ಜಾಲದ ಹಾಡು ಮಾತ್ರ ನಿಂತರೆ ಫೋನನ್ನು ರೌಟರಿನ ಪಕ್ಕಕ್ಕೆ ಒಯ್ದು ನೋಡಬೇಕು. ಅಲ್ಲೂ ನಿಂತರೆ ಹೊರಗಿನ ಸಂಪರ್ಕವನ್ನು ಶಂಕಿಸಬೇಕು. ಅಲ್ಲಿ ಸರಿಯಾದರೆ ಗೋಡೆ, ದೂರ ಅಥವಾ ನೆರೆಹೊರೆ ಕಾರಣ. ಸಂಜೆ ಎಲ್ಲರೂ ಮನೆ ಸೇರಿದ ಮೇಲಷ್ಟೇ ತೊಂದರೆಯಾದರೆ ಅಕ್ಕಪಕ್ಕದ ವೈಫೈಗಳೇ ಅಡ್ಡಬರುತ್ತಿರುವ ಸಂಭವ ಹೆಚ್ಚು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ಸಾಮಾನ್ಯವಾಗಿ 1, 6 ಮತ್ತು 11 ಎಂಬ ಮೂರೇ ಚಾನೆಲ್‌ಗಳು. ಇವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸುವುದು ಉಚಿತ. 5 ಗಿಗಾಹರ್ಟ್ಸ್‌ನಲ್ಲಿ ದಾರಿಗಳು ಹೆಚ್ಚು, ಆದರೆ ಅದರ ತರಂಗ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳ ದಪ್ಪ ಗೋಡೆ ಸೆಕೆಯನ್ನು ತಡೆದಂತೆ ತರಂಗವನ್ನೂ ತಡೆಯುತ್ತದೆ. ರೌಟರನ್ನು ಮೂಲೆಯ ಕಪಾಟಿನಲ್ಲಿ ಇಡದೆ ಪಡಸಾಲೆಯ ನಡುವೆ, ಎತ್ತರದಲ್ಲಿ, ಮೈಕ್ರೋವೇವ್ ಒಲೆಯಿಂದ ದೂರ ಇಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕದಲದ ಯಂತ್ರವಾದರೆ ತಂತಿಯಿಂದ ಜೋಡಿಸುವುದೇ ಲೇಸು.

ಬ್ಲೂಟೂತ್ ಇನ್ನೊಂದು ಜಾಣ್ಮೆ ತೋರುತ್ತದೆ. ಅದು 79 ದಾರಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯಬಲ್ಲದು. ಗದ್ದಲವಿರುವ ದಾರಿಗಳನ್ನು ಗುರುತಿಸಿ ಬಿಟ್ಟುಬಿಡುವ ಕ್ರಮವೂ ಅದಕ್ಕೆ ಆಮೇಲೆ ಸೇರಿತು. ಇಂಥದೇ ಜಿಗಿತದ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ಚಿತ್ರನಟಿ ಹೆಡಿ ಲಮಾರ್, ಇನ್ನೊಬ್ಬರು ಸಂಗೀತ ರಚನಕಾರ ಜಾರ್ಜ್ ಆಂಥೈಲ್. ಶತ್ರುಗಳು ಟಾರ್ಪಿಡೋವಿನ ಸಂಕೇತವನ್ನು ಕೆಡಿಸದಿರಲೆಂದು ಅವರು ಪಿಯಾನೋದ 88 ಕೀಲಿಗಳಂತೆ 88 ಕಂಪನಾಂಕಗಳ ನಡುವೆ ಜಿಗಿಯುವ ಯೋಜನೆ ಹಾಕಿದ್ದರು.

ಏರಿಯಲ್ ತಂತಿಯಿಂದ ರೌಟರಿನವರೆಗಿನ ಈ ಕಥೆಯಲ್ಲಿ ಹಾಡನ್ನು ಉಳಿಸಿದ್ದು ಹೆಚ್ಚು ಬಲವಲ್ಲ. ಸರಿಯಾದ ಜಾಗ ಮತ್ತು ಇನ್ನೊಬ್ಬರಿಗೆ ದಾರಿ ಬಿಡುವ ಸೌಜನ್ಯ. ಎಲ್ಲರೂ ದನಿ ಏರಿಸಿದರೆ ಯಾರ ಹಾಡೂ ಕೇಳದು. ಬಾನು ಸಾಲದಾದುದಕ್ಕಿಂತ ಹಂಚಿಕೊಳ್ಳಲು ಬಾರದುದೇ ಅಲ್ಲಿನ ಗದ್ದಲಕ್ಕೆ ಹೆಚ್ಚಿನ ಕಾರಣ.