ಮನೆ ದುರಸ್ತಿಗೆ ಮರಗೆಲಸದ ಸಲಕರಣೆ: ಮಿತವ್ಯಯದ ಆಯ್ಕೆ ಹೇಗೆ?

ಸಡಿಲಗೊಂಡ ಕಿಟಕಿ, ಅಡುಗೆಮನೆಗೆ ಬೇಕಾದ ಒಂದು ಹಲಗೆ, ಚೌಕಟ್ಟಿಗೆ ತಾಗುವ ಕದ. ಇಷ್ಟು ಸಣ್ಣ ಕೆಲಸಕ್ಕೆ ನಗರಗಳಲ್ಲಿ ಬಡಗಿ ಸುಲಭವಾಗಿ ಒದಗುವುದಿಲ್ಲ. ಸ್ವತಃ ಕೈಹಾಕುವವರು ಮೊದಲು ಎಡವುವುದು ಅಂಗಡಿಯಲ್ಲಿಯೇ. ಹತ್ತಾರು ಸಾಮಾನುಗಳನ್ನು ಜೋಡಿಸಿಟ್ಟ ಪೆಟ್ಟಿಗೆ ಅಗ್ಗವೆನಿಸುತ್ತದೆ; ಆದರೆ ಅದರಲ್ಲಿ ನಿಜವಾಗಿ ಬಳಕೆಗೆ ಬರುವುದು ನಾಲ್ಕೈದು ಮಾತ್ರ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂತಹ ಹಾರ್ಡ್‌ವೇರ್ ಪೇಟೆಗಳಲ್ಲಿ ಬಿಡಿಯಾಗಿ ಆರಿಸಿ ಕೊಳ್ಳುವುದು ಲೇಸು.

ಮೊದಲ ಹಣ ಅಳತೆಯ ಸಾಧನಗಳಿಗೆ ಸಲ್ಲಬೇಕು. ಮೂಲೆಮಟ್ಟವನ್ನು ನೇರ ಅಂಚಿನ ಹಲಗೆಗೆ ಆನಿಸಿ ಗೆರೆ ಎಳೆದು, ಅದನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡೂ ಒಂದರ ಮೇಲೊಂದು ಕೂತರೆ 90 ಡಿಗ್ರಿ ಸರಿಯಿದೆ. ಕವಲೊಡೆದರೆ ಅದನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಕ್ಷೇಮ. ರಸಮಟ್ಟವನ್ನು ತುದಿ ಬದಲಿಸಿಟ್ಟಾಗಲೂ ಗುಳ್ಳೆ ಅದೇ ಜಾಗದಲ್ಲಿ ನಿಲ್ಲಬೇಕು.

ಗರಗಸಗಳಲ್ಲಿ ಎರಡು ಬಗೆ. ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದು ಬಿಸಿಯಿಂದ ಗಡಸುಗೊಳಿಸಿದ್ದು. ಬಹುಕಾಲ ಹರಿತವಾಗಿರುತ್ತದೆ, ಆದರೆ ಮೊಂಡಾದ ಮೇಲೆ ಅರಕ್ಕೆ ಬಗ್ಗದು. ಬಡಗಿಗಳು ಬಳಸುವ ಸಾಮಾನ್ಯ ಗರಗಸವನ್ನು ಮೂರುಮೂಲೆಯ ಅರದಿಂದ ಮತ್ತೆ ಮತ್ತೆ ಮಸೆಯಬಹುದು. ಪ್ಲೈವುಡ್ಡಿನ ಅಂಟು ಹಲ್ಲುಗಳನ್ನು ಬೇಗ ಸವೆಸುವುದರಿಂದ, ಅದನ್ನೇ ಹೆಚ್ಚಾಗಿ ಕೊಯ್ಯುವವರಿಗೆ ಮೊದಲನೆಯ ಬಗೆಯೇ ಹೊಂದುತ್ತದೆ.

ಉಳಿಗಳು 12 ಮತ್ತು 25 ಮಿ.ಮೀ. ಅಗಲದ ಎರಡಿದ್ದರೆ ಸಾಕು. ಹೊಸ ಉಳಿ ಹರಿತವಾಗಿರುತ್ತದೆಂಬ ನಂಬಿಕೆ ತಪ್ಪು, ಮಸೆದೇ ಬಳಸಬೇಕು. ಸಾಣೆಕಲ್ಲಿಗೆ ಜಿಪುಣತನ ಮಾಡಿ ದುಬಾರಿ ಉಳಿ ಕೊಳ್ಳುವುದು ವ್ಯರ್ಥ. ಮೊಂಡು ಉಳಿಗೆ ಹೆಚ್ಚು ಬಲ ಬೇಕು, ಜಾರಿದಾಗ ಗಾಯವೂ ಅಷ್ಟೇ ಆಳ.

ವಿದ್ಯುತ್ ಉಪಕರಣಗಳಲ್ಲಿ ಮೊದಲು ಬೇಕಾದದ್ದು ಡ್ರಿಲ್. ಹಲಗೆಯನ್ನು ಗೋಡೆಗೆ ಕೂರಿಸಲು ಇಟ್ಟಿಗೆ, ಕಾಂಕ್ರೀಟನ್ನೂ ಕೊರೆಯಬೇಕಾಗುವುದರಿಂದ ಸುತ್ತಿಗೆಯಂತೆ ಬಡಿಯುವ ವ್ಯವಸ್ಥೆಯುಳ್ಳ, 13 ಮಿ.ಮೀ. ಚಕ್ಕಿನ ತಂತಿಸಹಿತ ಯಂತ್ರ ಮನೆಗೆ ತಕ್ಕದ್ದು. ಬ್ಯಾಟರಿ ಡ್ರಿಲ್ ಹಗುರವಾದರೂ ಬ್ಯಾಟರಿ ಸತ್ತಾಗ ಹೊಸದಕ್ಕೆ ತೆರುವ ಬೆಲೆ ಕಡಿಮೆಯೇನಲ್ಲ.

ಹಣ ಉಳಿಸಲೆಂದು ಆಂಗಲ್ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಚಕ್ರ ತೊಡಿಸುವವರಿದ್ದಾರೆ. ಇದು ಬೆರಳುಗಳ ಜೊತೆ ಆಡುವ ಜೂಜು. ಗ್ರೈಂಡರಿನ ವೇಗ ಹೆಚ್ಚು. ಚಕ್ರ ಮರದಲ್ಲಿ ಸಿಕ್ಕಿಕೊಂಡರೆ ಯಂತ್ರ ಕೈತಪ್ಪಿ ಒದೆಯುತ್ತದೆ. ಉದ್ದನೆಯ ಕೊಯ್ತ ಒಮ್ಮೆ ಮಾತ್ರ ಬೇಕಿದ್ದರೆ ಪ್ಲೈವುಡ್ ಮಾರುವಲ್ಲೇ ಅಳತೆಗೆ ಕೊಯ್ದುಕೊಡುವರೇ ಎಂದು ವಿಚಾರಿಸಬಹುದು.

ಉಜ್ಜುಗೊರಡನ್ನು ಕೊಳ್ಳಲು ಆತುರ ಬೇಡ. ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಕದವನ್ನು ಆಗಲೇ ಧಾರಾಳವಾಗಿ ಉಜ್ಜಿಬಿಟ್ಟರೆ, ಬೇಸಿಗೆಯಲ್ಲಿ ಮರ ಕುಗ್ಗಿ ಸಂದಿ ಬಾಯ್ದೆರೆಯುತ್ತದೆ. ತಾಗುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ, ಒಣಹವೆ ಬರುವವರೆಗೆ ಕಾದು, ಆಗಲೂ ತಾಗುತ್ತಿದ್ದರೆ ಅಷ್ಟನ್ನೇ ತೆಗೆಯಬೇಕು. ಉಜ್ಜಿದ ಅಂಚಿಗೆ ಬಣ್ಣ ಅಥವಾ ವಾರ್ನಿಷ್ ಬಳಿಯದಿದ್ದರೆ ಮರುವರ್ಷದ ಮಳೆಗೆ ಅದೇ ಜಾಗ ಮತ್ತೆ ನೀರು ಕುಡಿಯುತ್ತದೆ.