ಗೂಡು ಕಾಯಲ್ಲ, ಷೇರು ಕಾಯುತ್ತೆ

ಈ ಲೆಕ್ಕ ನಿಮಗೂ ವಾಟ್ಸಾಪಿನಲ್ಲಿ ಬಂದಿರುತ್ತೆ. 1993ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಐಪಿಓ ಬಂದಾಗ 95 ರೂಪಾಯಿಯಂತೆ ನೂರು ಷೇರು, ಅಂದ್ರೆ 9,500 ರೂಪಾಯಿ ಹಾಕಿ ಸುಮ್ಮನೆ ಕೂತಿದ್ದವರ ಹತ್ತಿರ ಈಗ 1,02,400 ಷೇರು ಇರುತ್ತವೆ. ನಾನೇ ಕೂಡಿ ನೋಡಿದೆ, ಲೆಕ್ಕ ಸರಿಯಾಗೇ ಇದೆ. 1994, 1997, 1999ರಲ್ಲಿ ಒಂದಕ್ಕೊಂದು ಬೋನಸ್. 2000ದಲ್ಲಿ ಮುಖಬೆಲೆ ಹತ್ತರಿಂದ ಐದಕ್ಕಿಳಿದು ಷೇರು ಎರಡರಷ್ಟಾಯಿತು. 2004ರಲ್ಲಿ ಒಂದಕ್ಕೆ ಮೂರು. ಆಮೇಲೆ 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು.

ನನಗೆ ಒಪ್ಪಿಗೆಯಾಗದಿರೋದು ಆ ‘ಸುಮ್ಮನೆ ಕೂತಿದ್ದವರು’ ಅನ್ನೋ ಮಾತು.

ಆ ಐಪಿಓ ಪೂರ್ತಿ ಬಿಕರಿಯೇ ಆಗಲಿಲ್ಲ. ಮಾರ್ಗನ್ ಸ್ಟಾನ್ಲಿ ಶೇ. 13 ಪಾಲು ಎತ್ತಿಕೊಂಡು ಮರ್ಯಾದೆ ಉಳಿಸಿತು. ಜೂನ್‌ನಲ್ಲಿ ಲಿಸ್ಟ್ ಆದಾಗ ಬೆಲೆ 145. ನಾಲ್ಕೇ ತಿಂಗಳಲ್ಲಿ ನೂರಕ್ಕೆ ಐವತ್ತರ ಮೇಲೆ ಲಾಭ! ಅವತ್ತು ಮಾರಿ ಮಗನ ಕಾಲೇಜ್ ಫೀಸ್ ಕಟ್ಟಿದವನನ್ನ ದಡ್ಡ ಅನ್ನೋಕೆ ನನಗೆ ಬಾಯಿ ಬರಲ್ಲ. ಮಾರದವನೂ ಸುಖವಾಗೇನೂ ನಿದ್ದೆ ಮಾಡಿಲ್ಲ. 2000ದಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆಯಿತು. 2003ರ ಏಪ್ರಿಲ್ 10ರಂದು, ಮುಂದಿನ ವರ್ಷದ ಅಂದಾಜು ಜನ ಎಣಿಸಿದಷ್ಟು ಇಲ್ಲ ಅಂತ ಗೊತ್ತಾದ ಒಂದೇ ದಿನದಲ್ಲಿ ಬೆಲೆ ಸುಮಾರು ಕಾಲುಭಾಗ ಕರಗಿತು.

ಇದಕ್ಕಿಂತ ದೊಡ್ಡ ‘ಮಾರೋದಾ, ಬೇಡವಾ’ ನಡೆದಿದ್ದು ಐಪಿಓಗೂ ಮುಂಚೆ, 1990ರ ಚಳಿಗಾಲದ ಒಂದು ಶನಿವಾರ. ಇಡೀ ಕಂಪನಿಯನ್ನೇ ಹತ್ತು ಲಕ್ಷ ಡಾಲರಿಗೆ ಮಾರುವ ಮಾತು ಬಂದಿತ್ತು. ಏಳು ಜನ ಸ್ಥಾಪಕರಲ್ಲಿ ಐವರು ಬೆಂಗಳೂರಿನ ಪುಟ್ಟ ಆಫೀಸಿನಲ್ಲಿ ಸೇರಿದ್ದರು. ಒಂಬತ್ತು ವರ್ಷ ದುಡಿದಿದ್ದಾರೆ, ಕೈಯಲ್ಲಿ ಕಾಸಿಲ್ಲ. ಫೋನ್ ಲೈನಿಗೆ ವರ್ಷಗಟ್ಟಲೆ ಕಾಯಬೇಕು, ಕಂಪ್ಯೂಟರ್ ತರಿಸಬೇಕಂದ್ರೆ ಲೈಸೆನ್ಸಿಗಾಗಿ ದಿಲ್ಲಿಗೆ ಅಲೆಯಬೇಕು. ಕಿರಿಯರೆಲ್ಲ ಮಾತಾಡಿ ಮುಗಿಸಿದ ಮೇಲೆ ನಾರಾಯಣ ಮೂರ್ತಿ ಬಾಯಿ ಬಿಟ್ಟರು: ನಿಮ್ಮೆಲ್ಲರ ಪಾಲನ್ನು ನಾನೇ ಕೊಳ್ತೀನಿ ಅಂತ. ಜೇಬಲ್ಲಿ ದುಡ್ಡಿರಲಿಲ್ಲ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಒಂದು ಗಂಟೆಯೊಳಗೆ ಉಳಿದವರೂ ಮನಸ್ಸು ಬದಲಿಸಿದರು.

ಈ ಕಥೆಯನ್ನು ‘ಹಿಡಿದುಕೊಂಡವನೇ ಜಾಣ’ ಅನ್ನೋಕೆ ಸಾಕ್ಷಿ ಮಾಡ್ತಾರೆ. ಆದರೆ ಅವರ ಕೈಯಲ್ಲಿ ಕಂಪನಿಯೇ ಇತ್ತು, ಸೋಮವಾರ ಬಂದು ಅದನ್ನು ಸರಿಮಾಡಬಹುದಿತ್ತು. ನನ್ನ ಕೈಯಲ್ಲಿರೋದು ಡಿಮ್ಯಾಟ್ ಖಾತೆಯ ಒಂದು ಸಾಲು.

ಮೂರ್ತಿಯವರು ಹುಟ್ಟಿದ್ದು ನಮ್ಮ ಪಕ್ಕದ ತಾಲ್ಲೂಕು ಶಿಡ್ಲಘಟ್ಟದಲ್ಲಿ. ನಮ್ಮ ಕಡೆಯವರಿಗೆ ಆ ಊರೆಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಅಲ್ಲಿಗೆ ಗೂಡು ಹೊತ್ತು ತಂದ ರೈತನಿಗೆ ಹೋಲ್ಡ್ ಅನ್ನೋ ಬಟನ್ನೇ ಇಲ್ಲ. ಬಿಡಿಸಿದ ಗೂಡನ್ನು ನಾಲ್ಕಾರು ದಿನದೊಳಗೆ ಮಾರದಿದ್ದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ, ಆಮೇಲೆ ನೂಲು ಬಿಚ್ಚೋಕಾಗಲ್ಲ. ರೇಟ್ ಬಿದ್ದಿದೆ ಅಂತ ಗೂಡು ವಾಪಸ್ ತಂದು ಅಟ್ಟದ ಮೇಲೆ ಇಡೋಕಾಗುತ್ತಾ? ಟೊಮ್ಯಾಟೊ ಕಥೆಯೂ ಅದೇ. ಕಾಯೋದು ಬುದ್ಧಿಗಿಂತ ಹೆಚ್ಚಾಗಿ ಅನುಕೂಲದ ಮಾತು ಅಂತ ಮುರುಗಮಲ್ಲದಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ.

ನನ್ನದು 400 ಷೇರು, 2020ರ ಮಾರ್ಚ್‌ನಲ್ಲಿ ಕೋವಿಡ್ ಭಯಕ್ಕೆ ಬೆಲೆ ಐನೂರು ಚಿಲ್ಲರೆಗೆ ಇಳಿದಾಗ ತಗೊಂಡಿದ್ದು. ಈಗ ಅದರ ದುಪ್ಪಟ್ಟಿಗೂ ಮೇಲಿದೆ. ಊರಲ್ಲಿ ಬೋರ್ ಬತ್ತಿದೆ, ಹಿಪ್ಪುನೇರಳೆ ಒಣಗ್ತಿದೆ. ಈ ಕಡೆ ಸಾವಿರದ ಇನ್ನೂರು ಅಡಿ ಕೊರೆದರೂ ನೀರಿನ ಗ್ಯಾರಂಟಿ ಇಲ್ಲ, ಹಾಗಾಗಿ ಇದು ಷೇರಿಗಿಂತ ದೊಡ್ಡ ಜೂಜು. ಮಾರ್ಲಾ ಅಂತ ಅಪ್ಪನ್ನ ಕೇಳಿದೆ. ಬದುಕೆಲ್ಲ ಬಂದ ರೇಟಿಗೆ ಮಾರಿದ ಮನುಷ್ಯ ಹೇಳಿದ್ದು: ‘ಅದೇನು ಸೊಪ್ಪು ಕೇಳ್ತದಾ? ಚಿಟ್ಟೆಯಾಗಿ ಹಾರಿಹೋಯ್ತದಾ? ಇರ್ಲಿ ಬಿಡಪ್ಪ.’

ಇನ್ನೂರು ಮಾರಿದೆ. ಬೋರ್ ಲಾರಿ ಮುಂದಿನ ವಾರ ಬರುತ್ತೆ.